ಪದ್ಮಿನಿ ಮತ್ತು ಅಂಬಾಸಿಡರ್ 1800: ಎರಡನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟಿ ಹತ್ತುವ ಕೆಲಸ ಜಾಸ್ತಿ ಇದ್ದರೆ ಅಂಬಾಸಿಡರ್ 1800 ಐಎಸ್‌ಜೆಡ್ (ಇಸುಝು ಎಂಜಿನ್ನಿನ ಮಾಡೆಲ್) ತಗೊಳ್ಳಿ. ಒಬ್ಬರೇ ಅಥವಾ ಇಬ್ಬರೇ ಓಡಾಡುವುದಾದರೆ ಪ್ರೀಮಿಯರ್ ಪದ್ಮಿನಿ ಕಾರಿನ ಸುಖವೇ ಬೇರೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಎರಡೂ ಇವೆ, ಎರಡೂ ದಿನಾ ಓಡುತ್ತವೆ.

ಪದ್ಮಿನಿ 1986ರ ಮಾಡೆಲ್. 1089 ಸಿಸಿ ಎಂಜಿನ್, ಸುಮಾರು 40 ಹಾರ್ಸ್ ಪವರ್, ನಾಲ್ಕು ಗೇರ್. ಅಂಬಾಸಿಡರ್‌ಗೆ 1992ರಲ್ಲಿ ಇಸುಝು ಎಂಜಿನ್ ಬಂತಲ್ವಾ, ನಮ್ಮದು ಅದೇ: 1817 ಸಿಸಿ, 75 ಹಾರ್ಸ್ ಪವರ್, ಐದು ಗೇರ್. ಪದ್ಮಿನಿಯ ತೂಕ 900 ಕೆ.ಜಿ. ಆಸುಪಾಸು. ಅಂಬಾಸಿಡರ್ 1100 ದಾಟುತ್ತದೆ. ಭಾರ ಕಾಲುಭಾಗ ಜಾಸ್ತಿ, ಶಕ್ತಿ ಮಾತ್ರ ಹೆಚ್ಚುಕಮ್ಮಿ ದುಪ್ಪಟ್ಟು.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಈ ಲೆಕ್ಕ ಕಾಲಿಗೇ ಗೊತ್ತಾಗುತ್ತದೆ. ಐದು ಜನ ಕೂತು ಡಿಕ್ಕಿ ತುಂಬಿದ್ದರೂ ಅಂಬಾಸಿಡರ್ ಹೆಚ್ಚಿನ ಹೇರ್‌ಪಿನ್ ತಿರುವುಗಳನ್ನು ಸೆಕೆಂಡ್ ಗೇರ್‌ನಲ್ಲೇ ಮುಗಿಸುತ್ತದೆ. ಅಷ್ಟೇ ಜನ ಹತ್ತಿದರೆ ಪದ್ಮಿನಿಗೆ ಫಸ್ಟ್ ಗೇರ್ ಬೇಕೇ ಬೇಕು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ಎಂಜಿನ್ ಅರಚಾಟ ಕೇಳಿ ಪಾಪ ಅನಿಸುತ್ತದೆ.

ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ, ತಳ್ಳುವ ಚಕ್ರಗಳೂ ಹಿಂದೆಯೇ ಇವೆ. ಹಾಗಾಗಿ ಮಳೆಯಲ್ಲೂ ಡಾಂಬರು ರಸ್ತೆ ಹತ್ತುವಾಗ ಎರಡಕ್ಕೂ ಹಿಡಿತ ಚೆನ್ನಾಗಿದೆ. ತೊಂದರೆ ಇರುವುದು ಖಾಲಿ ಕಾರಿನಲ್ಲಿ, ತೋಟದ ಕೆಸರು ದಾರಿಯಲ್ಲಿ. ಹಿಂಬದಿ ಹಗುರ, ಚಕ್ರ ಸುಮ್ನೆ ತಿರುಗುತ್ತದೆ. ಅವಸರಪಟ್ಟು ಆಕ್ಸಿಲರೇಟರ್ ಒತ್ತಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಮಳೆಗಾಲದಲ್ಲಿ ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ನಿಜವಾಗಲೂ ಕೆಲಸ ಮಾಡುತ್ತದೆ.

ಇನ್ನು ಪೇಟೆಗೆ ಬನ್ನಿ. ಪದ್ಮಿನಿ ಅಂಬಾಸಿಡರ್‌ಗಿಂತ ಒಂದು ಗೇಣು ಕಮ್ಮಿ ಅಗಲ. ಸಂತೆಯ ದಿನ ಆ ಒಂದು ಗೇಣಿನ ಬೆಲೆ ಗೊತ್ತಾಗುತ್ತದೆ. ಸ್ಟಿಯರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ಗೇರ್ ಲಿವರಿನ ಕೀಲುಗಳಲ್ಲಿ ಕೂರುವ ಲಿಂಕೇಜ್ ಬುಷ್ ಹೊಸದಿದ್ದರೆ ಗೇರ್ ಬದಲಿಸಲು ಎರಡು ಬೆರಳು ಸಾಕು. ಬುಷ್ ಸವೆದರೆ ಮಾತ್ರ ಗೇರ್ ಹುಡುಕಾಡಬೇಕು. ನನಗಂತೂ ಈ ಗೇರ್ ಹಾಕುವ ಖುಷಿ ಬೇರೆ ಯಾವ ಕಾರಿನಲ್ಲೂ ಸಿಕ್ಕಿಲ್ಲ. ಹಳ್ಳಕೊಳ್ಳದ ರಸ್ತೆಯಲ್ಲಿ ಹಿಂದಿನ ಸೀಟಿನ ಆರಾಮಕ್ಕೆ ಅಂಬಾಸಿಡರೇ ಮೇಲು, ನಮ್ಮಮ್ಮ ಅದನ್ನು ಬಿಟ್ಟು ಬೇರೆ ಹತ್ತುವುದಿಲ್ಲ.

ಮೈಲೇಜ್: ಹೆದ್ದಾರಿಯಲ್ಲಿ ಪದ್ಮಿನಿ ಲೀಟರಿಗೆ 13ರ ಆಸುಪಾಸು, ಅಂಬಾಸಿಡರ್ 10.

ಬೇಸಿಗೆಯಲ್ಲಿ ಇಂಥ ಹಳೇ ಕಾರುಗಳಲ್ಲಿ ಪೆಟ್ರೋಲ್ ಎಂಜಿನ್ನಿನ ಫ್ಯೂಯಲ್ ಪಂಪಿನೊಳಗೇ ಆವಿಯಾಗಿ ಎಂಜಿನ್ ನಿಂತುಬಿಡುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಮ್) ಅದಕ್ಕೆ ಬೇಗ ಮೆತ್ತಗಾಗಿ ಪೆಟ್ರೋಲ್ ಸೋರುತ್ತದೆ. ಎರಡೂ ಕಾರಿನಲ್ಲಿ ಎಥೆನಾಲ್ ತಡೆಯುವ ಪೈಪು ಹಾಕಿಸಿದ್ದೇನೆ. ನೀವೂ ಹಾಕಿಸಿ, ಬೆಂಕಿಯ ವಿಷಯದಲ್ಲಿ ಉಳಿತಾಯ ಬೇಡ.

ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಹಾಗಾಗಿ ಅದರ ಸ್ಪೇರ್ ಪಾರ್ಟ್ಸ್ ಇನ್ನೂ ಸಲೀಸು. ಪದ್ಮಿನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು. ಯಾವುದನ್ನೇ ಕೊಳ್ಳಿ, ಪೇಂಟ್ ನೋಡಿ ಮರುಳಾಗಬೇಡಿ. ಮ್ಯಾಟ್ ಎತ್ತಿ ತಳ ನೋಡಿ, ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಅಲ್ಲಿಗೆ ಮುಟ್ಟಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಕಾರು ಬೇಡ.