ಗ್ರ್ಯಾಂಡ್ ಪಿಯಾನೊ ಶ್ರುತಿ ಜಾರುತ್ತಿದ್ದರೆ: ಪಿಯಾನೊ ಲೈಫ್ ಸೇವರ್, ಹಲವು ವರ್ಷಗಳ ಬಳಕೆಯ ನಂತರ

ಡ್ಯಾಂಪ್-ಚೇಸರ್ ಕಂಪನಿಯ ಈ ತೇವಾಂಶ ನಿಯಂತ್ರಕವನ್ನು ಶ್ರುತಿ ನಿಲ್ಲಲಿ ಎಂದೇ ಕೊಳ್ಳುತ್ತಾರೆ. ಬಹುಮಟ್ಟಿಗೆ ನಿಲ್ಲುತ್ತದೆ ಕೂಡ. ಆದರೆ ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಬೇರೆ. ತೇವದ ಏರಿಳಿತ ಅಡಗಿದ ಮೇಲೆ ಶ್ರುತಿ ಕೆಡಿಸುವ ಉಳಿದ ಕಾರಣಗಳು ಬಯಲಾಗುತ್ತವೆ.

ಸೌಂಡ್‌ಬೋರ್ಡ್ (ತಂತಿಗಳ ನಾದ ಹಿಗ್ಗಿಸುವ ಮರದ ಹಲಗೆ) ಕೆಳಗೆ ನೀರಿನ ತೊಟ್ಟಿ, ಒಣಗಿಸುವ ರಾಡ್‌ಗಳು, ಯಾವಾಗ ಯಾವುದು ಓಡಬೇಕೆಂದು ನಿರ್ಧರಿಸುವ ಹ್ಯುಮಿಡಿಸ್ಟ್ಯಾಟ್. ಗುರಿ ಸುಮಾರು 42% ಸಾಪೇಕ್ಷ ತೇವಾಂಶ. ಹಳದಿ ದೀಪ ಮಿನುಗಿದರೆ ತೊಟ್ಟಿಗೆ ನೀರು ತುಂಬಿಸಿ, ಕೆಂಪು ಮಿನುಗಿದರೆ ಆ ನೀರು ಹೀರುವ ಪ್ಯಾಡ್ ಬದಲಿಸಿ. ಗಡಸು ನೀರಿನಲ್ಲಿ ಪ್ಯಾಡ್ ಬೇಗ ಕಟ್ಟಿಕೊಳ್ಳುತ್ತದೆ. ತಳಕ್ಕೆ ಬಟ್ಟೆಯ ಹೊದಿಕೆ ಹಾಕಿಸಿ. ಅದಿಲ್ಲದ ಗ್ರ್ಯಾಂಡ್‌ನಲ್ಲಿ ಅರ್ಧ ಶ್ರಮ ಕೋಣೆಯ ಪಾಲಾಗುತ್ತದೆ. ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಗೋಡೆಗಲ್ಲ, ಸೌಂಡ್‌ಬೋರ್ಡ್ ಬಳಿ ಇಡಿ. ಅದಕ್ಕೂ ಮೊದಲು ಒದ್ದೆ ಉಪ್ಪಿನ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿ, 75% ತೋರಿಸಬೇಕು.

ತೇವದ ಗುರುತು ಸ್ಪಷ್ಟ: ಮರ ಉಬ್ಬಿದಾಗ ಸೌಂಡ್‌ಬೋರ್ಡ್ ಬ್ರಿಡ್ಜನ್ನು (ತಂತಿಗಳು ಹಾಯುವ ಮರದ ಪಟ್ಟಿ) ಮೇಲಕ್ಕೆ ಒತ್ತಿ ಶ್ರುತಿ ಏರುತ್ತದೆ, ಒಣಗಿದಾಗ ಇಳಿಯುತ್ತದೆ. ಮಧ್ಯಭಾಗ ಹೆಚ್ಚು ಅಲುಗುತ್ತದೆ, ಬೇಸ್ ಕಡಿಮೆ. ಹಾಗಾಗಿ ಬೇಸ್ ಮತ್ತು ಅದರ ಮೇಲಿನ ಟೆನರ್ ವಿಭಾಗ ಕೂಡುವಲ್ಲೇ ಆಕ್ಟೇವ್‌ಗಳು ಮೊದಲು ಒಡೆಯುತ್ತವೆ. ಮೂರು ತಂತಿಗಳ ಒಂದು ಸ್ವರದಲ್ಲಿ ಒಂದೇ ತಂತಿ ಪದೇ ಪದೇ ಇಳಿದರೆ ಅದು ತೇವವಲ್ಲ.

ಆಗ ಪಕ್ಕದ ಎರಡನ್ನು ರಬ್ಬರ್ ಬೆಣೆಯಿಂದ ಅಡಗಿಸಿ, ಆ ತಂತಿಯನ್ನು ಶ್ರುತಿಗೆ ತಂದು, ಬಲವಾಗಿ ಏಳೆಂಟು ಬಾರಿ ಬಾರಿಸಿ, ಮತ್ತೆ ಅಳೆಯಿರಿ. ತಕ್ಷಣ ಜಾರಿದರೆ ತಂತಿ ಸುತ್ತಿದ ಶ್ರುತಿ ಪಿನ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅಗ್ರಾಫ್ (ತಂತಿ ತೂರುವ ಲೋಹದ ಗುಬಟು) ಬಳಿ ತಂತಿ ಸಿಕ್ಕಿಕೊಂಡಿದೆ. ಬಾರಿಸಿದಾಗ ನಿಂತು, ದಿನಗಳಲ್ಲಿ ಇಳಿದರೆ ಪಿನ್ ಸಡಿಲ: ಟಾರ್ಕ್, ಅಂದರೆ ಪಿನ್ ತಿರುಗಿಸಲು ಬೇಕಾಗುವ ಬಲ, ಅಳೆಸಿ. ಪರಿಹಾರ ದಪ್ಪ ಪಿನ್, ಅಥವಾ ಪಿನ್ ಬುಡಕ್ಕೆ ತೆಳು ಸಯನೋಆಕ್ರಿಲೇಟ್ ಅಂಟು. ಗ್ರ್ಯಾಂಡ್‌ನಲ್ಲಿ ಅಂಟು ಪಿನ್‌ಬ್ಲಾಕ್ (ಪಿನ್‌ಗಳು ನೆಟ್ಟಿರುವ ಮರದ ದಿಮ್ಮಿ) ದಾಟಿ ಕೆಳಗೆ ತೊಟ್ಟಿಕ್ಕಬಹುದು, ಆದ್ದರಿಂದ ಮೊದಲು ಆ್ಯಕ್ಷನ್ (ಕೀಲಿ ಮತ್ತು ಸುತ್ತಿಗೆಗಳ ಯಂತ್ರಭಾಗ) ಹೊರಗೆ ಎಳೆಯಲೇಬೇಕು. ಹೊಸ ತಂತಿ ಮಾತ್ರ ತಿಂಗಳುಗಟ್ಟಲೆ ಹಿಗ್ಗುತ್ತದೆ, ಅದಕ್ಕೆ ಗಾಬರಿ ಬೇಡ.

ಒಂದು ವಿಭಾಗವೇ ಕುಸಿದರೆ ಗಂಭೀರ. ಪ್ಲೇಟಿನ (ತಂತಿಗಳ ಎಳೆತ ಹೊರುವ ಎರಕದ ಕಬ್ಬಿಣದ ಚೌಕಟ್ಟು) ಸ್ಕ್ರೂಗಳು ಬಿಗಿಯಾಗಿವೆಯೇ, ಪಿನ್‌ಬ್ಲಾಕ್ ಪ್ಲೇಟಿನ ಅಂಚಿಗೆ ಒತ್ತಿ ಕೂತಿದೆಯೇ, ಪ್ಲೇಟಿನಲ್ಲೇ ಬಿರುಕಿದೆಯೇ, ಇವನ್ನು ತಂತ್ರಜ್ಞರೇ ನೋಡಬೇಕು. ತಂತಿಗಳ ಒಟ್ಟು ಎಳೆತ ಸುಮಾರು 18–20 ಟನ್. ಸ್ವಂತ ಪ್ರಯೋಗದ ಜಾಗವಲ್ಲ.

ಈ ಯಂತ್ರಕ್ಕೆ ನಿಲುಕದ್ದು ಉಷ್ಣ. ಬಿಸಿಲು ಬಿದ್ದರೆ ತಂತಿ ಪ್ಲೇಟಿಗಿಂತ ಬೇಗ ಕಾಯ್ದು ನಿಮಿಷಗಳಲ್ಲೇ ಶ್ರುತಿ ಇಳಿಯುತ್ತದೆ, ಎಸಿ ಗಾಳಿ ನೇರ ಬಡಿದರೆ ಏರುತ್ತದೆ. ಅಲ್ಲಿ ಪರದೆ ಎಳೆಯುವುದು, ಪಿಯಾನೊ ಸರಿಸುವುದು, ಮುಚ್ಚಳ ಹಾಕುವುದು ಇಷ್ಟೇ ಪರಿಹಾರ.

ಸಡಿಲ ಪಿನ್‌ಗಳು ತುಂಬಿದ ಪಿಯಾನೊಗೆ ಮೊದಲು ಅವನ್ನೇ ಸರಿಪಡಿಸಿ. ಪಿನ್ ಗಟ್ಟಿಯಿದ್ದರೆ ಧೈರ್ಯವಾಗಿ ಕೊಳ್ಳಿ. ಅಳವಡಿಸಿದ ತಕ್ಷಣ ಶ್ರುತಿ ಮಾಡಿಸದೆ, ಮರ ಹೊಂದಿಕೊಳ್ಳಲು ಕೆಲವು ವಾರ ಬಿಟ್ಟು ಮಾಡಿಸಿ.