ಸೀಸದ ಬ್ಯಾಟರಿಯೋ, ಎಲ್‌ಎಫ್‌ಪಿಯೋ: ಎರಡನ್ನೂ ದುಡಿಸಿ ನೋಡಿದೆ

ಸೋಲಾರ್ ಪ್ಯಾನೆಲ್ ಅದೇ, ಬ್ಯಾಟರಿ ಮಾತ್ರ ಎರಡು ತರ. ಮೊದಲ ಮೂರು ವರ್ಷ ಸೀಸ-ಆಸಿಡ್, ಆಮೇಲೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಎರಡರ ಮೇಲೂ ಸಾಮರ್ಥ್ಯ 100 ಆಂಪಿಯರ್-ಅವರ್ ಅಂತಲೇ ಬರೆದಿತ್ತು. ಅದನ್ನು ನೋಡಿ ಮೋಸ ಹೋಗಬೇಡಿ. ಸೀಸದ್ದನ್ನು ದಿನಾ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ. ಎಲ್‌ಎಫ್‌ಪಿಯಲ್ಲಿ ನೂರಕ್ಕೆ 80 ಭಾಗ ಬಳಸಿದರೂ ಚಿಂತೆಯಿಲ್ಲ. ತೂಕವೂ ಅಷ್ಟೇ: ಅದು 30 ಕೆ.ಜಿ., ಇದು 12.

ಆದರೆ ಸೀಸದ್ದು ಮಾತಾಡುತ್ತದೆ. ಮೀಟರ್‌ನಲ್ಲಿ 12.7 ವೋಲ್ಟ್ ಅಂದರೆ ತುಂಬಿದೆ, 12.1 ಅಂದರೆ ಅರ್ಧ. ಎಲ್‌ಎಫ್‌ಪಿ 80 ಭಾಗ ಇದ್ದಾಗಲೂ 40 ಇದ್ದಾಗಲೂ 13.1, 13.3 ಅಂತ ಅಲ್ಲಲ್ಲೇ ಸುತ್ತುತ್ತದೆ. ಒಂದು ರಾತ್ರಿ ದೀಪ ಮಂಕಾಗದೆ ಸೀದಾ ಆರಿಹೋಯಿತು. ನಾಲ್ಕು ಸೆಲ್‌ಗಳಲ್ಲಿ ಒಂದು 2.5 ವೋಲ್ಟಿಗೆ ಬಿದ್ದಿತ್ತು, ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಎಲ್ಲವನ್ನೂ ನಿಲ್ಲಿಸಿತ್ತು. ಆ ಸೆಲ್ಲಿನ ಕ್ಯೂಆರ್ ಕೋಡ್ ಮೇಲೆ ಉಜ್ಜಿದ ಗುರುತು ಆಗ ಕಣ್ಣಿಗೆ ಬಿತ್ತು. ಮೊದಲ ದರ್ಜೆ ಅಂತ ಹೇಳಿ ಎರಡನೇ ದರ್ಜೆಯದನ್ನು ಕಳಿಸಿದ್ದರು ಅಂತ ನನ್ನ ಗುಮಾನಿ.

ಬಿಡಿ ಸೆಲ್ ತರಿಸಿದ್ದು ನಾನೇ, ನೇರ ಚೀನಾದಿಂದ. ಎಲ್‌ಎಫ್‌ಪಿ ಸೆಲ್‌ಗಳು ಹೆಚ್ಚುಕಡಿಮೆ ಎಲ್ಲಾ ಅಲ್ಲೇ ತಯಾರಾಗುವುದು. ಸೀಸದ ಬ್ಯಾಟರಿಗೆ ಈ ತಾಪತ್ರಯವಿರಲಿಲ್ಲ, ಹತ್ತಿರದಲ್ಲೇ ಸಿಕ್ಕಿತ್ತು. ಲಿಥಿಯಂ ಸೆಲ್ ಗಡಿ ದಾಟುವುದು 9ನೇ ವರ್ಗದ ಅಪಾಯಕಾರಿ ಸರಕಾಗಿ, ಯುಎನ್ 3480 ಅನ್ನುವ ಸಂಖ್ಯೆ ಹೊತ್ತು. ಬಿಡಿಯಾಗಿ ಕಳಿಸಿದರೆ ಪ್ರಯಾಣಿಕರ ವಿಮಾನದ ಸರಕಿನಲ್ಲಿ 2016ರಿಂದ ಜಾಗವಿಲ್ಲ. ಹಾಗಾಗಿ ಹಡಗು. ಜೊತೆಗೆ ಯುಎನ್ 38.3 ಅನ್ನುವ ಸಾಗಣೆ ಸುರಕ್ಷತಾ ಪರೀಕ್ಷೆಯ ವರದಿ ಬೇಕು. ವರದಿಯಲ್ಲಿದ್ದ ಮಾಡೆಲ್ ಹೆಸರಿಗೂ ಪೆಟ್ಟಿಗೆಯ ಮೇಲಿದ್ದಕ್ಕೂ ಒಂದಕ್ಷರ ವ್ಯತ್ಯಾಸ. ಸುಮ್ನೆ ಒಂದಕ್ಷರಕ್ಕೆ ಮೂರು ವಾರ ಬಂದರಿನಲ್ಲೇ ಕೂತಿತ್ತು! ಹಣ ಕೊಡುವ ಮೊದಲೇ ವರದಿ, ಲೇಬಲ್ ಎರಡರ ಫೋಟೋ ತರಿಸಿಕೊಂಡಿದ್ದರೆ ಆಗುತ್ತಿತ್ತು ಅಲ್ವಾ?

ಹಳತಾದ ಮೇಲಿನ ಕತೆ ಬೇರೆ. ಸೀಸವನ್ನು ಕರಗಿಸಿ ಮತ್ತೆ ಬಳಸಬಹುದು, ಕೊಳ್ಳುವವರು ಸಿಕ್ಕೇ ಸಿಗುತ್ತಾರೆ. ಆದರೆ ಕಂಡಲ್ಲಿ ಕರಗಿಸಿದರೆ ವಿಷ. ಹಳೇ ಸೀಸದ ಬ್ಯಾಟರಿ ದೇಶ ದಾಟಬೇಕಾದರೆ 1989ರ ಬಾಸೆಲ್ ಒಪ್ಪಂದದ ಕಟ್ಟುಪಾಡು ಇರುವುದು ಅದಕ್ಕೇ. ಎಲ್‌ಎಫ್‌ಪಿಯಲ್ಲಿ ಬೆಲೆಬಾಳುವ ಕೋಬಾಲ್ಟ್, ನಿಕಲ್ ಇಲ್ಲ. ಹಾಗಾಗಿ ಗುಜರಿಗೆ ಅದರ ಮೇಲೆ ಅಷ್ಟು ಆಸೆಯಿಲ್ಲ.

ಈಗ ದಿನಬಳಕೆಗೆ ಎಲ್‌ಎಫ್‌ಪಿಯೇ. ಮತ್ತೆ ಕೊಳ್ಳುವುದಾದರೂ ಅದನ್ನೇ, ಆದರೆ ಬಿಡಿ ಸೆಲ್ ಬೇಡ, ಜೋಡಿಸಿದ್ದು ಸಾಕು. ಹಳೇ ಸೀಸದ್ದನ್ನು ಒಂದು ಸಣ್ಣ ದೀಪಕ್ಕೆ ಕಟ್ಟಿಟ್ಟಿದ್ದೇನೆ. ಆವತ್ತು ಕತ್ತಲಾದಾಗ ಮೀಟರ್ ಹುಡುಕಿದ್ದು ಅದರ ಬೆಳಕಿನಲ್ಲೇ.