‘ಟಕ್’ ಅಂದರೆ ಬಿಸಿಯಾಗುವ ಚೀಲ: 4 ವರ್ಷ ಬಳಸಿದ ಮೇಲೆ

ಕತ್ತು ನೋವಿಗೆಂದು ಕೊಂಡದ್ದು. ಪಾರದರ್ಶಕ ಪ್ಲಾಸ್ಟಿಕ್ ಚೀಲ, ಒಳಗೆ ನೋಡಲು ನೀರಿನಂತಿರುವ ದ್ರವ, ಅದರಲ್ಲೊಂದು ಪುಟ್ಟ ತಗಡಿನ ಬಿಲ್ಲೆ. ಬಿಲ್ಲೆಯನ್ನು ಬಾಗಿಸಿ ‘ಟಕ್’ ಅನ್ನಿಸಿದರೆ ಅಲ್ಲಿಂದ ಬಿಳಿ ಎಳೆಗಳು ಹೊರಟು, ನೋಡನೋಡುತ್ತಿದ್ದಂತೆ ಚೀಲವೆಲ್ಲ ಗಟ್ಟಿಯಾಗಿ ಬಿಸಿಯೇರುತ್ತದೆ. ಇಷ್ಟು ಸಲ ಒತ್ತಿದ ಮೇಲೂ ಆ ಎಳೆಗಳು ಓಡುವುದನ್ನು ನೋಡದೆ ಕತ್ತಿಗಿಟ್ಟುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಒಳಗಿರುವುದು ಸೋಡಿಯಂ ಅಸಿಟೇಟ್ ಮತ್ತು ನೀರು. ಈ ಹರಳು ಕರಗುವುದು 58 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಒಮ್ಮೆ ಕರಗಿದ್ದು ತಣ್ಣಗಾದರೂ ಹರಳಾಗದೆ ದ್ರವವಾಗಿಯೇ ಕೂತಿರುತ್ತದೆ. ಬಿಲ್ಲೆಯ ‘ಟಕ್’ ಮೊದಲ ಹರಳಿಗೆ ದಾರಿ ಮಾಡಿಕೊಟ್ಟರೆ, ಉಳಿದದ್ದೆಲ್ಲ ಅದರ ಹಿಂದೆ ಬೀಳುತ್ತದೆ. ಆಗ ಗ್ರಾಂಗೆ ಸುಮಾರು 260 ಜೂಲ್ ಗುಪ್ತೋಷ್ಣ, ಅಂದರೆ ಕರಗುವಾಗ ಹೀರಿಟ್ಟುಕೊಂಡಿದ್ದ ಶಾಖ, ಹೊರಬರುತ್ತದೆ. ಇದನ್ನು ಬಹಿರುಷ್ಣಕ ಕ್ರಿಯೆ (ಶಾಖ ಹೊರಬಿಡುವ ರಾಸಾಯನಿಕ ಕ್ರಿಯೆ) ಎಂದು ಮಾರುವವರೂ ಹೇಳುತ್ತಾರೆ. ಶಾಖ ಹೊರಬರುವುದೇನೋ ನಿಜ, ಆದರೆ ಹೊಸ ವಸ್ತು ಹುಟ್ಟುವುದಿಲ್ಲ, ದ್ರವ ಹರಳಾಗುತ್ತದೆ ಅಷ್ಟೇ. ಅದಕ್ಕೇ ಇದನ್ನು ಮತ್ತೆ ಮತ್ತೆ ಬಳಸಬಹುದು.

ಮತ್ತೆ ಬಳಸಲು ಕುದಿಯುವ ನೀರಿನಲ್ಲಿ ಹದಿನೈದು ನಿಮಿಷ ಇಡಬೇಕು. ಕೊಟ್ಟಷ್ಟು ಶಾಖವನ್ನು ಅದಕ್ಕೆ ವಾಪಸ್ ತುಂಬಬೇಕಲ್ಲ! ಪಾತ್ರೆಯ ತಳಕ್ಕೆ ಪ್ಲಾಸ್ಟಿಕ್ ತಾಗದಂತೆ ಕೆಳಗೊಂದು ಬಟ್ಟೆ ಹಾಕಿ. ಮೊದಲ ವರ್ಷ ನಾನು ತಿಂದ ಪೆಟ್ಟು ಇಲ್ಲೇ. ಚೀಲ ತಿಳಿಯಾಯಿತೆಂದು ತೆಗೆದಿಟ್ಟರೆ, ತಣಿಯುತ್ತಿದ್ದ ಹಾಗೆ ಮತ್ತೆ ಕಲ್ಲಾಗುತ್ತಿತ್ತು. ಮಾಲೇ ಕೆಟ್ಟದ್ದೆಂದು ಬೈದುಕೊಂಡೆ. ಒಂದು ದಿನ ಬೆಳಕಿಗೆ ಹಿಡಿದು ನೋಡಿದರೆ ಮೂಲೆಯ ಮಡಿಕೆಯಲ್ಲಿ ಸಾಸಿವೆಯಷ್ಟು ಹರಳು ಕರಗದೆ ಉಳಿದಿತ್ತು. ಅಷ್ಟಿದ್ದರೆ ಬಿಲ್ಲೆಯ ಹಂಗೇ ಬೇಡ. ಈಗ ಮೂಲೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದ ಮೇಲೆಯೇ ಹೊರತೆಗೆಯುತ್ತೇನೆ. ಒಳಗೆ ಲೋಹವಿದೆ, ಮೈಕ್ರೋವೇವ್ ಕಡೆ ಒಯ್ಯಬೇಡಿ.

ದೂರುಗಳೂ ಇವೆ. ಬ್ಯಾಗಿನಲ್ಲಿ ಬೇರೆ ಸಾಮಾನಿನ ಒತ್ತಡಕ್ಕೆ ಎರಡು ಸಲ ತಾನೇ ‘ಟಕ್’ ಅಂದು, ಬೇಕಾದ ಹೊತ್ತಿಗೆ ತಣ್ಣನೆಯ ಇಟ್ಟಿಗೆಯಾಗಿತ್ತು. ಚಳಿಯಲ್ಲಿ ಬಿಸಿ ಬೇಗ ಇಳಿಯುತ್ತದೆ, ಏಕೆಂದರೆ ಶಾಖದಲ್ಲಿ ಒಂದಷ್ಟು ಪಾಲು ಚೀಲ ತನ್ನನ್ನೇ ಬಿಸಿ ಮಾಡಿಕೊಳ್ಳುವುದಕ್ಕೆ ಹೋಗುತ್ತದೆ. ನನ್ನದು ಅರ್ಧ ಗಂಟೆ ಚೆನ್ನಾಗಿ ಬಿಸಿ ಇರುತ್ತದೆ, ಆಮೇಲೆ ಬರೀ ಬೆಚ್ಚಗೆ.

ಹೆಚ್ಚು ಹೊತ್ತು ಬೇಕೆಂದು ನಡುವೆ ಕಬ್ಬಿಣದ ಪುಡಿಯ ಪೊಟ್ಟಣಗಳನ್ನೂ ಬಳಸಿದೆ. ಹೊರಕವರ್ ಹರಿದರೆ ಗಾಳಿಯ ಆಕ್ಸಿಜನ್ ಒಳಹೋಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದೇ ತುಕ್ಕು, ಒಳಗಿನ ಉಪ್ಪು, ನೀರು, ಇದ್ದಿಲಪುಡಿಯಿಂದ ಅವಸರ ಮಾಡಿದ್ದು. ಇದು ಅಪ್ಪಟ ಬಹಿರುಷ್ಣಕ ಕ್ರಿಯೆ. ಗಂಟೆಗಟ್ಟಲೆ ಬಿಸಿ ಕೊಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅರ್ಧಕ್ಕೆ ನಿಲ್ಲಿಸಲೂಬಹುದು. ಆದರೆ ತುಕ್ಕನ್ನು ಕುದಿಸಿ ಕಬ್ಬಿಣ ಮಾಡಲಾಗುವುದಿಲ್ಲ. ದಿನಾ ಒಂದು ಪೊಟ್ಟಣ ಕಸಕ್ಕೆ ಹಾಕುವುದು ನನಗೆ ಒಗ್ಗಲಿಲ್ಲ.

ಉಳುಕಿಗೆ ಹಿಡಿಯುವ ದಿಢೀರ್ ತಂಪು ಚೀಲ ಇದರ ತದ್ವಿರುದ್ಧ. ಗುದ್ದಿದರೆ ಒಳಗಿನ ನೀರಿನ ಪೊಟ್ಟಣ ಒಡೆದು ಅಮೋನಿಯಂ ನೈಟ್ರೇಟ್ ಅಥವಾ ಯೂರಿಯಾ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಹೀರುತ್ತದೆ. ಕಾಲು ಗಂಟೆಯ ಆಟ, ಅದೂ ಒಂದೇ ಸಲ. ಫ್ರಿಜ್ ಹತ್ತಿರವಿದ್ದರೆ ಐಸೇ ಸಾಕು.

ನನ್ನ ಚೀಲದ ಅಂಚಿನಲ್ಲಿ ಈಚೆಗೆ ಸಣ್ಣಗೆ ಜಿನುಗುತ್ತಿದೆ. ಒಳಗಿನ ನೀರು ಕಡಿಮೆಯಾದರೆ ಎಷ್ಟು ಕುದಿಸಿದರೂ ಪೂರ್ತಿ ತಿಳಿಯಾಗುವುದಿಲ್ಲ, ಹಾಗಾಗಿ ಇದರ ಕಾಲ ಮುಗಿಯುತ್ತಾ ಬಂತು. ಮುಂದಿನದೂ ಇದೇ ತರಹದ್ದೇ, ಒಂದು ಅಳತೆ ದೊಡ್ಡದು. ಅಂಚಿನ ಬೆಸುಗೆ ಮಾತ್ರ ಈ ಸಲ ನೋಡಿಯೇ ತರುತ್ತೇನೆ.